350 ರೂಪಾಯಿಯ ಟೋನರ್‌ನಿಂದ ಕಲೆ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ, ಊರು ಶಿಡ್ಲಘಟ್ಟ. ನಮ್ಮ ಮನೆಯಲ್ಲೇ ರೇಷ್ಮೆ ರೀಲಿಂಗ್ ಇದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನೂ ಅಲ್ಲೇ ಕೆಲಸ ಮಾಡ್ತೀನಿ. ಎರಡನೇ ಮಗು ಆದ ಮೇಲೆ ಎರಡೂ ಕೆನ್ನೆ ಮೇಲೆ ಕಂದು ಬಣ್ಣ ಹರಡಿಕೊಂಡಿದೆ. ಗದ್ದದ ಸುತ್ತ ಮೊಡವೆ ಒಣಗಿ ಉಳಿದ ಕಪ್ಪು ಚುಕ್ಕೆಗಳು ಬೇರೆ. ಮೊಬೈಲ್‌ನಲ್ಲಿ ನೋಡಿ 350 ರೂಪಾಯಿಗೆ ಒಂದು ಬ್ರೈಟನಿಂಗ್ ಟೋನರ್ ತರಿಸಿದೆ, 150 ಎಂಎಲ್. ಅದರ ಮೇಲೆ ನಿಯಾಸಿನಮೈಡ್, ಗ್ಲೈಕಾಲಿಕ್ ಆಸಿಡ್, ಜೇಷ್ಠಮಧು ಅಂತ ಬರೆದಿದೆ. ಬೆಳಿಗ್ಗೆ ರಾತ್ರಿ ಹತ್ತಿಯಲ್ಲಿ ಒರೆಸಿಕೊಳ್ತಾ ಮೂರು ವಾರ ಆಯ್ತು. ಏನೂ ವ್ಯತ್ಯಾಸ ಇಲ್ಲ, ಹಚ್ಚಿದಾಗ ಚುರುಚುರು ಅನ್ನುತ್ತೆ. ನಾದಿನಿ ಮೆಡಿಕಲ್ ಶಾಪಲ್ಲಿ ಸಿಗೋ ಒಂದು ಕ್ರೀಮ್ ಹೇಳ್ತಾಳೆ, ವಾರದಲ್ಲಿ ಮುಖ ತಿಳಿಯಾಗುತ್ತಂತೆ. ಅತ್ತೆ ನಿಂಬೆಹಣ್ಣು ಉಜ್ಜು ಅಂತಾರೆ. ಮಗುಗೆ ಒಂದೂವರೆ ವರ್ಷ, ರಾತ್ರಿ ಇನ್ನೂ ಹಾಲು ಕುಡಿಯುತ್ತೆ. ಟೋನರ್ ಮುಂದುವರಿಸಲಾ, ಇಲ್ಲ ದುಡ್ಡು ದಂಡ ಆಯ್ತಾ?

ಉತ್ತರ: ದುಡ್ಡು ದಂಡ ಆಗಿಲ್ಲ. ಬಾಟಲಿ ಎಸೆಯಬೇಡಿ. ಆದರೆ ನೀವು ಅದಕ್ಕೆ ಎರಡು ಕೆಲಸ ಒಪ್ಪಿಸಿದ್ದೀರಿ. ಒಂದನ್ನು ಅದು ಮಾಡುತ್ತದೆ, ಇನ್ನೊಂದು ಅದೊಂದರ ಕೈಲಿ ಆಗುವುದಿಲ್ಲ.

ನಾಳೆ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ, ಮುಖಕ್ಕೆ ಏನೂ ಹಚ್ಚದೆ, ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಂತುಕೊಳ್ಳಿ. ಟ್ಯೂಬ್‌ಲೈಟ್ ಬೆಳಕಲ್ಲಿ ಬೇಡ. ಮೊದಲು ಗದ್ದ ನೋಡಿ. ಅಲ್ಲಿನ ಚುಕ್ಕೆಗಳು ಮೊಡವೆ ಎದ್ದ ಜಾಗದಲ್ಲೇ ಇರುತ್ತವೆ. ಒಂದೊಂದೂ ಮೆಂತ್ಯ ಕಾಳಿನಷ್ಟು, ಹೆಸರು ಕಾಳಿನಷ್ಟು. ಅಂಚು ಗೊತ್ತಾಗುತ್ತದೆ. ಬೆರಳಾಡಿಸಿದರೆ ಚರ್ಮ ಸಮವಾಗಿ ಸಿಗುತ್ತದೆ. ಈಗ ಕೆನ್ನೆ ನೋಡಿ. ಎಡಕ್ಕೆ ಹೇಗಿದೆಯೋ ಬಲಕ್ಕೂ ಹೆಚ್ಚು ಕಡಿಮೆ ಹಾಗೇ ಇದೆ ಅಲ್ವಾ? ಅಂಚು ನಕ್ಷೆಯ ಗೆರೆ ಥರ ಅಂಕುಡೊಂಕಾಗಿದೆ. ಕೆನ್ನೆಯ ಮೂಳೆ ಎಲ್ಲಿ ಉಬ್ಬಿದೆಯೋ ಅಲ್ಲೇ ಜಾಸ್ತಿ. ನೀವು ಬರೆದಿದ್ದನ್ನು ನೋಡಿದರೆ ಇದು ಬಂಗು. ಬಸುರಿನಲ್ಲಿ, ಹೆರಿಗೆ ಆದ ಮೇಲೆ, ಕೆಲವು ಸಲ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಬರುತ್ತದೆ. ಹಾರ್ಮೋನ್ ಬೆಂಕಿ ಹಚ್ಚುತ್ತದೆ, ಬಿಸಿಲು ಅದನ್ನು ಆರಲು ಬಿಡುವುದಿಲ್ಲ.

ಗದ್ದದ ಚುಕ್ಕೆಗೆ ಕಾರಣ ಬೇರೆ. ಮೊಡವೆ ಅಂದರೆ ಚರ್ಮಕ್ಕೆ ಆದ ಗಾಯ. ಗಾಯವಾದ ಕಡೆ ನಮ್ಮ ಚರ್ಮ ಜಾಸ್ತಿ ಬಣ್ಣ ಮಾಡುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಸೊಳ್ಳೆ ಕಚ್ಚಿದರೂ, ಒಲೆ ಪಕ್ಕ ಚಿಕ್ಕದಾಗಿ ಸುಟ್ಟರೂ ತಿಂಗಳುಗಟ್ಟಲೆ ಕಲೆ ಉಳಿಯುವುದು ಇದರಿಂದಲೇ. ಈ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಟೋನರ್ ಚುರುಗುಟ್ಟುವ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬಣ್ಣ ಹೇಗೆ ಬರುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಬಾಟಲಿಯಲ್ಲಿರುವುದು ಏನು ಮಾಡುತ್ತದೆ ಅಂತಲೂ ಅರ್ಥ ಆಗುತ್ತದೆ. ಚಿಂತಾಮಣಿಯದ್ದೋ ಕೋಲಾರದ್ದೋ ಟೊಮ್ಯಾಟೊ ಮಂಡಿ ನೋಡಿರುತ್ತೀರಿ. ತೋಟದಲ್ಲಿ ಹಣ್ಣು ಕೀಳುತ್ತಾರೆ, ಬಾಕ್ಸ್ ತುಂಬುತ್ತಾರೆ, ಲಾರಿಗೆ ಏರಿಸುತ್ತಾರೆ, ಲಾರಿ ಊರೂರಿಗೆ ಹೋಗುತ್ತದೆ. ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ಮಾಡುವ ಕೋಶಗಳಿವೆ. ಅವೇ ತೋಟ. ಅಲ್ಲಿ ತಯಾರಾದ ಬಣ್ಣ ಸಣ್ಣ ಸಣ್ಣ ಪೊಟ್ಟಣವಾಗಿ ಪಕ್ಕದ ಚರ್ಮದ ಕೋಶಗಳಿಗೆ ಏರುತ್ತದೆ. ಒಂದು ಬಣ್ಣದ ಕೋಶ ಸುಮಾರು 36 ಚರ್ಮದ ಕೋಶಗಳಿಗೆ ಹೀಗೆ ಹಂಚುತ್ತದೆ. ಆ ಕೋಶಗಳು ನಿಧಾನಕ್ಕೆ ಮೇಲಕ್ಕೆ ಬಂದು ಕೊನೆಗೆ ಸಿಪ್ಪೆಯಾಗಿ ಉದುರುತ್ತವೆ. ತಳದಿಂದ ಮೇಲೆ ಬಂದು ಉದುರುವುದಕ್ಕೆ ಹರೆಯದಲ್ಲಿ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ.

ನಿಮ್ಮ ಬಾಟಲಿಯ ನಿಯಾಸಿನಮೈಡ್ ತೋಟಕ್ಕೆ ಕೈ ಹಾಕುವುದಿಲ್ಲ, ಬಾಕ್ಸ್ ಲಾರಿಗೆ ಏರುವುದನ್ನು ಕಡಿಮೆ ಮಾಡುತ್ತದೆ. ಜೇಷ್ಠಮಧು ತೋಟದಲ್ಲಿ ಕೊಯ್ಲನ್ನು ಸ್ವಲ್ಪ ನಿಧಾನ ಮಾಡುತ್ತದೆ. ಗ್ಲೈಕಾಲಿಕ್ ಆಸಿಡ್ ಈಗಾಗಲೇ ಹೊರಟಿರುವ ಲಾರಿ ಬೇಗ ಖಾಲಿಯಾಗುವಂತೆ ಮಾಡುತ್ತದೆ, ಅಂದರೆ ಬಣ್ಣ ತುಂಬಿದ ಹಳೇ ಕೋಶ ಬೇಗ ಉದುರುತ್ತದೆ. ಮೂರೂ ಒಪ್ಪುವಂಥವೇ. ನಿಯಾಸಿನಮೈಡ್ ಅಂದರೆ ಬಿ3 ವಿಟಮಿನ್‌ನ ಒಂದು ರೂಪ. ಇದು ಅಗ್ಗದ ವಸ್ತು. 350ರ ಬಾಟಲಿಯಲ್ಲಿ ಇರುವುದೂ ಅದೇ, 2,000 ರೂಪಾಯಿ ಬಾಟಲಿಯಲ್ಲಿ ಇರುವುದೂ ಅದೇ. ಶೇಕಡಾ 5ರ ನಿಯಾಸಿನಮೈಡ್ ಹಚ್ಚಿದಾಗ 4 ವಾರಕ್ಕೆ ಕಲೆ ತಿಳಿಯಾಗಿದ್ದು ಅಳತೆಗೆ ಸಿಕ್ಕಿತು ಅಂತ 2002ರಲ್ಲೇ ಪ್ರಕಟವಾಗಿದೆ. ಆದ್ದರಿಂದ ಕಡಿಮೆ ಬೆಲೆಯದ್ದು ತಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾನೂ ಬರೆದುಕೊಡುವಾಗ ಬೆಲೆ ನೋಡುತ್ತೇನೆ. ಜನ ಬಿಡದೆ ಹಚ್ಚುವುದು ಕೈಗೆಟುಕುವ ಬಾಟಲಿಯನ್ನೇ.

ಒಂದು ಸಲ ಹಿಂದಿನ ಲೇಬಲ್ ಓದಿ. ವಸ್ತುಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ನಿಯಾಸಿನಮೈಡ್ ಮೊದಲ ನಾಲ್ಕೈದು ಹೆಸರಿನಲ್ಲಿ ಇದ್ದರೆ, ಅಥವಾ ಶೇಕಡಾ 4, 5 ಅಂತ ಅಂಕಿ ಕೊಟ್ಟಿದ್ದರೆ ಒಳ್ಳೆಯದು. ಸುಗಂಧ ಪಟ್ಟಿಯಲ್ಲಿ ಮೇಲೇ ಇದ್ದು, ಇದು ಎಲ್ಲೋ ಕೊನೆಯಲ್ಲಿ ಇದ್ದರೆ ಅದು ವಾಸನೆಯ ನೀರು ಅಷ್ಟೇ. ಮುಂದಿನ ಸಲ ಬೇರೆ ತೆಗೆದುಕೊಳ್ಳಿ. ಗ್ಲೈಕಾಲಿಕ್ ಎಷ್ಟು ಅಂತಲೂ ನೋಡಿ. ಶೇಕಡಾ 5ರಿಂದ 7 ಇದ್ದರೆ ಅದು ದಿನಾ ಎರಡು ಹೊತ್ತು ಹಚ್ಚುವ ಟೋನರ್ ಅಲ್ಲವೇ ಅಲ್ಲ.

ಈಗ ಚುರುಚುರು ವಿಷಯಕ್ಕೆ ಬರೋಣ. ನನಗೆ ಕಾಳಜಿ ಆಗಿದ್ದು ಇದನ್ನು ಓದಿದಾಗಲೇ. ಆಸಿಡ್ ಇರುವ ಟೋನರ್ ಹಚ್ಚಿದ ತಕ್ಷಣ ಅರ್ಧ ನಿಮಿಷ, ಒಂದು ನಿಮಿಷ ಇರುವೆ ಹರಿದ ಹಾಗೆ ಅನ್ನಿಸಿ ನಿಂತುಹೋದರೆ ಪರವಾಗಿಲ್ಲ. ಆಮೇಲೂ ಉರಿ ಇದ್ದರೆ, ಮುಖ ಕೆಂಪಗೆ ಬಿಗಿದುಕೊಂಡರೆ, ಮೂಗಿನ ಪಕ್ಕ ಸಿಪ್ಪೆ ಎದ್ದರೆ ಅದು ಗಾಯ ಆಗುತ್ತಿದೆ ಅಂತ ಅರ್ಥ. ಗಾಯ ಆದ ಕಡೆ ನಮ್ಮ ಚರ್ಮ ಬಣ್ಣ ಮಾಡುತ್ತದೆ ಅಂತ ಹೇಳಿದೆನಲ್ಲ? ಕಲೆ ತೆಗೆಯಲು ಹಚ್ಚಿದ್ದೇ ಹೊಸ ಕಲೆ ತರುತ್ತದೆ. ಉರಿದಷ್ಟೂ ಕೆಲಸ ಮಾಡುತ್ತಿದೆ ಅಂತ ತಡೆದುಕೊಂಡು ಕೂತು, ಮೊದಲಿಗಿಂತ ಕಪ್ಪಾಗಿ ಬಂದವರನ್ನು ಬಹಳ ನೋಡಿದ್ದೇನೆ.

ಅದಕ್ಕೇ ಹೀಗೆ ಮಾಡಿ. ಹತ್ತು ದಿನ ಟೋನರ್ ಪೂರ್ತಿ ನಿಲ್ಲಿಸಿ. ಆ ಹತ್ತು ದಿನ ಮೆದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಅಷ್ಟೇ. ಚರ್ಮ ಸುಧಾರಿಸಿಕೊಳ್ಳಲಿ. ಆಮೇಲೆ ರಾತ್ರಿ ಮಾತ್ರ, ವಾರಕ್ಕೆ ಮೂರು ರಾತ್ರಿ. ಬೆಳಿಗ್ಗೆ ಬೇಡ. ಹತ್ತಿಯೂ ಬೇಡ. ಹತ್ತಿ ಅರ್ಧ ಟೋನರ್ ಕುಡಿಯುತ್ತದೆ, ಉಳಿದಿದ್ದನ್ನು ನಾವು ಪಾತ್ರೆ ಉಜ್ಜಿದ ಹಾಗೆ ಮುಖಕ್ಕೆ ಉಜ್ಜುತ್ತೇವೆ. ಹಿಂದೆ ಜನ ಬಾರ್ ಸೋಪಿನಲ್ಲೇ ಮುಖ ತೊಳೆಯುತ್ತಿದ್ದರು. ಅದರ ಕ್ಷಾರ ಮುಖದಲ್ಲಿ ಉಳಿಯುತ್ತಿತ್ತು, ಅದನ್ನು ಒರೆಸಿ ತೆಗೆಯಲು ಟೋನರ್ ಬಂದಿತ್ತು. ಹತ್ತಿಯ ಅಭ್ಯಾಸ ಆಗಿನದ್ದು. ಈಗಿನ ಟೋನರ್ ಒರೆಸುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ.

ಮುಖ ತೊಳೆದು ಟವಲ್‌ನಿಂದ ಒತ್ತಿಕೊಳ್ಳಿ, ಉಜ್ಜಬೇಡಿ. ಐದು ನಿಮಿಷ ಬಿಡಿ, ಪೂರ್ತಿ ಒಣಗಲಿ. ಒದ್ದೆ ಮುಖಕ್ಕೆ ಆಸಿಡ್ ಹಚ್ಚಿದರೆ ಉರಿ ಜಾಸ್ತಿ. ಅಂಗೈಗೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲ ಹಾಕಿಕೊಂಡು, ಎರಡೂ ಅಂಗೈ ಸೇರಿಸಿ, ಮೊದಲು ಗದ್ದಕ್ಕೆ, ಆಮೇಲೆ ಕೆನ್ನೆ, ಹಣೆಗೆ ಮೆತ್ತಗೆ ಒತ್ತಿ. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಪಕ್ಕದ ಮಡಿಕೆ ಬಿಟ್ಟುಬಿಡಿ. ಎರಡು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಥ್ರೆಡಿಂಗ್ ಮಾಡಿಸಿದ ದಿನ, ಬ್ಲೀಚ್ ಮಾಡಿಸಿದ ವಾರ ಟೋನರ್ ಮುಟ್ಟಬೇಡಿ. ಮೂರು ವಾರ ಹೀಗೆ ಏನೂ ತೊಂದರೆ ಇಲ್ಲದೆ ಕಳೆದರೆ ರಾತ್ರಿ ಬಿಟ್ಟು ರಾತ್ರಿ ಹಚ್ಚಬಹುದು. ಅದಕ್ಕಿಂತ ಜಾಸ್ತಿ ಬೇಡ. ಹತ್ತು ದಿನ ಬಿಟ್ಟು ಮತ್ತೆ ಶುರು ಮಾಡಿದಾಗಲೂ ಮೊದಲಿನ ಹಾಗೇ ಉರಿದರೆ, ಗ್ಲೈಕಾಲಿಕ್ ಇಲ್ಲದ ಬರೀ ನಿಯಾಸಿನಮೈಡ್ ಇರುವ ಟೋನರ್‌ಗೆ ಬದಲಾಯಿಸಿ. ಈ ಬಾಟಲಿ ಬೇಕಾದರೆ ಮೊಣಕೈಗೆ ಉಪಯೋಗಿಸಿ, ಅಲ್ಲಿನ ಚರ್ಮ ಗಟ್ಟಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು. ನೀವು ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತೂ ಬರೆದಿಲ್ಲ. ತಿಂಗಳಿಗೆ ಮುಖಕ್ಕೆ ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದೆ ಅಂದರೆ ನಾನು ಟೋನರ್ ಬಿಟ್ಟು ಸನ್‌ಸ್ಕ್ರೀನ್ ತೆಗೆದುಕೊಳ್ಳಿ ಅನ್ನುತ್ತೇನೆ. ರಾತ್ರಿ ಟೋನರ್ ನಾಲ್ಕು ಬಾಕ್ಸ್ ತಡೆದರೆ, ಮರುದಿನದ ಬಿಸಿಲು ನಲವತ್ತು ಬಾಕ್ಸ್ ಕೊಯ್ಲು ಮಾಡಿಸುತ್ತದೆ. ನಮ್ಮ ಕಡೆ ಇನ್ನೊಂದು ಮೋಸ ಇದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎಲ್ಲ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿವೆ. ಗಾಳಿ ತಂಪಾಗಿರುತ್ತದೆ, ಬಿಸಿಲು ಅಷ್ಟಾಗಿ ಸುಡುವುದಿಲ್ಲ, ಆದರೆ ಎತ್ತರ ಹೋದಷ್ಟೂ ಅತಿನೇರಳೆ ಕಿರಣ ಜಾಸ್ತಿ. ಡಿಸೆಂಬರ್‌ನ ಚಳಿಯಲ್ಲೂ, ಮೋಡ ಇದ್ದಾಗಲೂ ಅದು ಬೀಳುತ್ತದೆ. ಕಿಟಕಿ ಗಾಜಿನೊಳಗಿಂದಲೂ ಒಂದು ಪಾಲು ಒಳಗೆ ಬರುತ್ತದೆ.

ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ತಿಳಿಸುವ ಗುರುತು ಟ್ಯೂಬ್ ಮೇಲೆ ಇರುತ್ತದೆ: ಎಸ್‌ಪಿಎಫ್ 30ಕ್ಕಿಂತ ಮೇಲೆ, ಪಿಎ ಪಕ್ಕ ಮೂರು ಪ್ಲಸ್ ಇದ್ದರೆ ಸಾಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ, ಅಷ್ಟನ್ನೂ ಮುಖ, ಕುತ್ತಿಗೆಗೆ ಹಚ್ಚಬೇಕು. ಬಟಾಣಿಯಷ್ಟು ಹಚ್ಚಿದರೆ ಡಬ್ಬಿಯ ಮೇಲೆ ಬರೆದ ಅಂಕಿಯ ಕಾಲು ಭಾಗವೂ ಸಿಗುವುದಿಲ್ಲ. ಒಂದು ಸಲಕ್ಕೆ ಹತ್ತಿರ ಹತ್ತಿರ 1 ಗ್ರಾಂ ಆಗುತ್ತದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮುಖ ತೊಳೆದು ಇನ್ನೊಂದು ಸಲ ಅಂದರೆ 50 ಗ್ರಾಂ ಟ್ಯೂಬ್ 25 ದಿನ ಬರುತ್ತದೆ. 400 ರೂಪಾಯಿಯ ಟ್ಯೂಬ್ ಆದರೆ ದಿನಕ್ಕೆ 16 ರೂಪಾಯಿ. ಟೋನರ್ ನಾನು ಹೇಳಿದ ಹಾಗೆ ರಾತ್ರಿ ಬಿಟ್ಟು ರಾತ್ರಿ ಹಚ್ಚಿದರೆ ತಿಂಗಳಿಗೆ 15 ಎಂಎಲ್ ಸಾಕು, ಹತ್ತು ತಿಂಗಳು ಬರುತ್ತದೆ, ತಿಂಗಳಿಗೆ ಬರೀ 35 ರೂಪಾಯಿ. ಬಾಟಲಿ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರ ಇರುತ್ತದೆ, ಅದರೊಳಗೆ 6 ಅಥವಾ 12 ಅಂತ ಅಂಕಿ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕು ಅಂತ. 6 ಇದ್ದರೆ ನಾದಿನಿ ಜೊತೆ ಹಂಚಿಕೊಳ್ಳಿ.

ದಿನಕ್ಕೆ 16 ರೂಪಾಯಿ ಕಮ್ಮಿ ಅಲ್ಲ, ಗೊತ್ತು. ಅದಕ್ಕೇ ಬಟ್ಟೆಯನ್ನೂ ಛತ್ರಿಯನ್ನೂ ಔಷಧಿ ಅಂತಲೇ ಲೆಕ್ಕ ಹಾಕಿ. ಒತ್ತಾಗಿ ನೇಯ್ದ ಹತ್ತಿಯ ವೇಲ್ ಅಥವಾ ಸೆರಗನ್ನು ಕೆನ್ನೆ ಮುಚ್ಚುವ ಹಾಗೆ ಎಳೆದುಕೊಂಡರೆ ಅದೂ ಚೆನ್ನಾಗಿ ಕಾಯುತ್ತದೆ. ಬಂಗು ಇರುವವರಿಗೆ ಸ್ವಲ್ಪ ಬಣ್ಣ ಇರುವ, ಐರನ್ ಆಕ್ಸೈಡ್ ಸೇರಿಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪು ಮಾಡುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ನಿಮ್ಮ ಕೆಲಸದ್ದೂ ಒಂದು ಪಾಲಿದೆ. ರೀಲಿಂಗ್ ಮನೆಗಳನ್ನು ನಾನು ನೋಡಿದ್ದೇನೆ. ಗೂಡು ಬೇಯುವ ನೀರಿನ ಹಬೆ ನೇರ ಮುಖಕ್ಕೆ ಹೊಡೆಯುತ್ತದೆ, ಎಳೆ ಹಿಡಿಯಲು ಮುಖ ಬಗ್ಗಿಸಲೇಬೇಕು. ಶಾಖ ಕೂಡ ಬಂಗನ್ನು ಕೆದಕುತ್ತದೆ. ದಿನವಿಡೀ ಒಲೆ ಮುಂದೆ ನಿಲ್ಲುವ ಅಡುಗೆಯವರಲ್ಲೂ ಇದನ್ನೇ ಕಾಣುತ್ತೇವೆ. ಕೆಲಸ ಬಿಡಿ ಅಂತ ಹೇಳಲಾರೆ, ಅದು ನಿಮ್ಮ ಅನ್ನ. ಬೇಸಿನ್ ಪಕ್ಕದಿಂದ ಹಬೆಯನ್ನು ಆಚೆ ತಳ್ಳುವ ಹಾಗೆ ಒಂದು ಟೇಬಲ್ ಫ್ಯಾನ್ ಇಡಬಹುದಾ ನೋಡಿ. ಗೂಡು ಬೇಯಿಸುವ ಸರದಿಯನ್ನು ಮನೆಯವರು ಹಂಚಿಕೊಳ್ಳಲಿ. ಗಂಟೆಗೊಮ್ಮೆ ಎದ್ದು ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ನಿಮಿಷ ಕೆನ್ನೆಗೆ ಒತ್ತಿ ಹಿಡಿಯಿರಿ. ಹಬೆಯಲ್ಲಿ, ಬೆವರಲ್ಲಿ ಸನ್‌ಸ್ಕ್ರೀನ್ ಇಳಿದುಹೋಗುತ್ತದೆ, ಕೆಲಸ ಮುಗಿಸಿ ಹೊರಗೆ ಬರುವ ಮೊದಲು ಮತ್ತೆ ಹಚ್ಚಿಕೊಳ್ಳಿ. ಬೆಳಿಗ್ಗೆ ಟೋನರ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಆಸಿಡ್ ಹಚ್ಚಿದ ಮುಖವನ್ನು ಹಬೆಗೆ ಹಿಡಿದರೆ ಚುರುಗುಟ್ಟದೆ ಇನ್ನೇನು?

ನಾದಿನಿ ಹೇಳಿದ ಕ್ರೀಮ್ ಬಗ್ಗೆ. ದಯವಿಟ್ಟು ಹಚ್ಚಬೇಡಿ. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರುತ್ತಾರೆ, ಅವರ ಮುಖ ತಿಳಿಯಾಗಿದ್ದೂ ನಿಜ ಇರಬಹುದು. ವಾರದಲ್ಲಿ ಮುಖ ತಿಳಿಯಾಗುವ ಹೆಚ್ಚಿನ ಕ್ರೀಮ್‌ಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಟ್ಯೂಬ್ ತಿರುಗಿಸಿ ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಈ ಹೆಸರು ಹುಡುಕಿ. ಹೆಸರಿನ ಕೊನೆಯಲ್ಲಿ ‘ಸೋನ್’, ‘ಲೋನ್’ ಬಂದರೆ ಕೆಳಗಿಡಿ. ಆರ್‌ಎಕ್ಸ್ ಅಂತ ಗುರುತು ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳಿಗೆ ಚೀಟಿ ಬೇಕೇ ಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆ ಸಿಗುತ್ತಲೇ ಇದೆ.

ಹೀಗೆ ಮೂರು ವರ್ಷ ಹಚ್ಚಿದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಬಾಗಿಲಲ್ಲೇ ದುಪಟ್ಟಾ ಮುಖಕ್ಕೆ ಹಿಡಿದಿದ್ದಳು. ತೆಗೆದಾಗ ಕೆನ್ನೆಯ ಚರ್ಮ ಈರುಳ್ಳಿಯ ಒಳಪೊರೆ ಥರ ತೆಳ್ಳಗಾಗಿತ್ತು, ಕೆಂಪು ನರಗಳು ದಾರದ ಹಾಗೆ ಕಾಣುತ್ತಿದ್ದವು. ಕಿವಿಯ ಪಕ್ಕ ಕೂದಲು ದಟ್ಟವಾಗಿ ಬೆಳೆದಿತ್ತು. ಒಂದು ದಿನ ಕ್ರೀಮ್ ಬಿಟ್ಟರೆ ಮುಖ ಉರಿದು ಗುಳ್ಳೆ ಏಳುತ್ತದೆ, ಅದಕ್ಕೇ ಬಿಡಲಾಗುತ್ತಿಲ್ಲ ಅಂತ ಅತ್ತಳು. ಅವಳ ಚರ್ಮ ಒಂದು ಹದಕ್ಕೆ ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನಿಮ್ಮ ನಾದಿನಿ ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದು ಬೇಡ, ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಿಧಾನಕ್ಕೆ ಬಿಡಿಸುವ ದಾರಿ ಇದೆ.

ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ‘ಫಾರಿನ್’ ಕ್ರೀಮ್‌ಗಳದ್ದು ಇನ್ನೊಂದು ಕಥೆ. ಅವುಗಳಲ್ಲಿ ಪಾದರಸ ಸಿಕ್ಕಿದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡಕ್ಕೇ ತೊಂದರೆ ಆಯಿತು. ಹಾಲು ಕುಡಿಯುವ ಮಗು ನಿಮ್ಮ ಕೆನ್ನೆಗೆ ಕೆನ್ನೆ ಒತ್ತಿ ಮಲಗುತ್ತದೆ, ಅದನ್ನೂ ಯೋಚಿಸಿ.

ನಿಂಬೆಹಣ್ಣು ಬೇಡ. ಅದರ ಹುಳಿ ನಿಮ್ಮ ಟೋನರ್‌ಗಿಂತ ಎಷ್ಟೋ ತೀಕ್ಷ್ಣ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಗುಳ್ಳೆ ಎದ್ದು ಕಪ್ಪಾಗುತ್ತದೆ. ಅತ್ತೆಯ ಮನಸ್ಸಿಗೆ ನೋವಾಗಬಾರದು ಅಂದರೆ ಕಡಲೆಹಿಟ್ಟಿಗೆ ಮೊಸರು ಕಲಸಿ ವಾರಕ್ಕೊಂದು ಸಲ ಹಚ್ಚಿ ತೊಳೆಯಿರಿ, ಟೋನರ್ ಇಲ್ಲದ ದಿನ. ಉಜ್ಜಬೇಡಿ ಅಷ್ಟೇ.

ಹಾಲು ಕುಡಿಸುವಾಗ ನಿಯಾಸಿನಮೈಡ್, ಜೇಷ್ಠಮಧು, ಟೋನರ್‌ನಲ್ಲಿರುವಷ್ಟು ಗ್ಲೈಕಾಲಿಕ್, ಇವಕ್ಕೆಲ್ಲ ಭಯ ಬೇಡ. ಅಜೆಲಾಯಿಕ್ ಆಸಿಡ್ ಕ್ರೀಮ್ ಕೂಡ ಆಗುತ್ತದೆ. ನಿಮ್ಮ ಬಂಗಿಗೆ ಮುಂದಿನ ಹೆಜ್ಜೆ ಬೇಕಾದರೆ ನಾನು ಮೊದಲು ಯೋಚಿಸುವುದು ಅದನ್ನೇ. ಗದ್ದದ ಮೊಡವೆಗೂ ಅದು ಕೆಲಸ ಮಾಡುತ್ತದೆ. ಹೊಸ ಮೊಡವೆ ಬರುತ್ತಲೇ ಇದ್ದರೆ ಹಳೇ ಚುಕ್ಕೆ ಹೋದಷ್ಟೇ ಬೇಗ ಹೊಸದು ಬಂದು ಕೂರುತ್ತದಲ್ಲ. ಕಲೆಗೆ ಕೊಡುವ ಕ್ರೀಮ್‌ಗಳಲ್ಲಿ ಹೈಡ್ರೋಕ್ವಿನೋನ್, ರೆಟಿನಾಯ್ಡ್ ಇರುವುದನ್ನು ಈಗ ಮುಟ್ಟಬೇಡಿ. ಬಂಗಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಅಂತ ಯಾರಾದರೂ ಹೇಳಿದರೆ ಸ್ವಂತಕ್ಕೆ ನುಂಗಬೇಡಿ. ಅದು ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಪಟ್ಟ ಔಷಧಿ, ವೈದ್ಯರು ನಿಮ್ಮ ಮತ್ತು ನಿಮ್ಮ ರಕ್ತಸಂಬಂಧಿಗಳ ಕಾಯಿಲೆಯ ಚರಿತ್ರೆ ಕೇಳಿಯೇ ಕೊಡಬೇಕು.

ಮೂರು ವಾರ ಆದರೂ ವ್ಯತ್ಯಾಸ ಇಲ್ಲ ಅಂತ ಬರೆದಿದ್ದೀರಲ್ಲ. ಮೂರು ವಾರದಲ್ಲಿ ಚರ್ಮದ ಒಂದು ಸುತ್ತೂ ಮುಗಿದಿರುವುದಿಲ್ಲ. ಗದ್ದದ ಚುಕ್ಕೆಗಳು ಎಂಟರಿಂದ ಹನ್ನೆರಡು ವಾರಕ್ಕೆ ತಿಳಿಯಾಗುವುದು ಕಾಣುತ್ತದೆ. ಪೂರ್ತಿ ಹೋಗಲು ಆರು ತಿಂಗಳೂ ಆಗಬಹುದು. ಕಂದು ಬಣ್ಣದವು ಮೊದಲು ಹೋಗುತ್ತವೆ. ಬೂದಿ, ನೀಲಿ ಛಾಯೆ ಇರುವುದು ಆಳದಲ್ಲಿದೆ, ಅಲ್ಲಿಗೆ ಟೋನರ್ ಇಳಿಯುವುದಿಲ್ಲ. ಕೆನ್ನೆಯ ಬಂಗು ತಿಳಿಯಾಗುತ್ತದೆ, ಬೇಸಿಗೆಗೆ ಮತ್ತೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ, ಮತ್ತೆ ತಿಳಿಯಾಗುತ್ತದೆ. ಅದರ ಸ್ವಭಾವವೇ ಹಾಗೆ. ನೀವೇನೋ ತಪ್ಪು ಮಾಡಿದಿರಿ ಅಂತಲ್ಲ. ಮುಖದಲ್ಲಿ ಎಲ್ಲಾದರೂ ಉಬ್ಬಿದ ಕಪ್ಪು ಗುಳ್ಳೆ, ಬೇಗ ಬೆಳೆಯುವ ಅಥವಾ ರಕ್ತ ಬರುವ ಮಚ್ಚೆ ಇದ್ದರೆ ಅದಕ್ಕೆ ಟೋನರ್ ಹಚ್ಚುತ್ತಾ ಕಾಯಬೇಡಿ, ಸುಮ್ನೆ ಒಂದು ಸಲ ತೋರಿಸಿ.

ದಿನಾ ಕನ್ನಡಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟೋನರ್ ಮತ್ತೆ ಶುರು ಮಾಡುವ ದಿನ, ಅದೇ ಕಿಟಕಿ, ಅದೇ ಹತ್ತು ಗಂಟೆ, ಎಡಗೆನ್ನೆ, ಬಲಗೆನ್ನೆ, ಗದ್ದ ಮೂರು ಫೋಟೋ ತೆಗೆದಿಡಿ. ಬ್ಯೂಟಿ ಮೋಡ್ ಆಫ್ ಮಾಡಿ. ಆಮೇಲೆ ಪ್ರತಿ ತಿಂಗಳು ಅದೇ ತಾರೀಖಿಗೆ ಮತ್ತೆ ಮೂರು. ಮೂರು ತಿಂಗಳಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಗದ್ದ ತಿಳಿಯಾಗಿದ್ದರೆ ಹಾಗೇ ಮುಂದುವರಿಸಿ. ಕೆನ್ನೆ ಹಾಗೇ ಇದ್ದರೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹತ್ತಿರದ ಚರ್ಮದ ವೈದ್ಯರಲ್ಲಿಗೋ ಹೋಗಿ. ಆ ಫೋಟೋಗಳ ಜೊತೆ ಮನೆಯಲ್ಲಿರುವ ಟೋನರ್, ಟ್ಯೂಬ್, ಸೋಪು ಎಲ್ಲವನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ. ನಾದಿನಿಯ ಕ್ರೀಮ್ ಟ್ಯೂಬ್‌ ಕೂಡ.